ಸಾವ್ಕಾರರ ದನಿಯಲ್ಲಿ ಏಳು ದಿನ

ನಾಮಪತ್ರ ವಾಪಸ್ ಪಡೆಯುವ ಗಡುವು ಶನಿವಾರ ಸಂಜೆ ಮುಗಿಯಿತು. ಭಾನುವಾರ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಎದ್ದು ಕೂತು, ಆಕಳಿಸಿ, "ಚಾ ಆತೇನ?" ಅಂದೆ, ಅಷ್ಟೇ. ನಮ್ಮ ಮನೆಯವರು ಕಣ್ಣು ಬಿಡುವ ಮೊದಲೇ ಚಂಗನೆ ಎದ್ದು, "ಬಂದ್ನಿರಿ ಧಣಿ!" ಎಂದು ಧೋತರ ಬಿಗಿದುಕೊಳ್ಳುತ್ತ ಬಾಗಿಲಿಗೆ ಓಡಿದರು. ಒಲೆಯ ಮುಂದೆ ಕೂತಿದ್ದ ನಮ್ಮತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಯ ಮರೆಗೆ ಸರಿದಳು. ಗೂಟಕ್ಕೆ ಕಟ್ಟಿದ್ದ ಆಡು ಹಗ್ಗ ಕಿತ್ತುಕೊಂಡು ಬೀದಿಗೆ ಹಾರಿತು.

"ಅಯ್ಯ, ನಾನ್ರೀ! ನಿಮ್ಮ ಹೇಣ್ತಿ!" ಎಂದು ಕೂಗಿದೆ. ಅದೂ ಗುಡುಗಿನ ಹಾಗೆ ಕೊಟ್ರಪ್ಪ ಸಾವ್ಕಾರರ ದನಿಯಲ್ಲೇ ಬಂತು. ಪಕ್ಕದ ಮನೆಯವರು ಬಿದ್ದು ಬಿದ್ದು ನಕ್ಕದ್ದು ಗೋಡೆಯಾಚೆಯಿಂದ ಕೇಳಿಸಿತು. ನಮ್ಮ ಮನೆಯವರ ಹೆಸರು ದ್ಯಾಮಣ್ಣ. ಚುನಾವಣೆಗೆ ನಿಂತವಳು ಗಂಡನ ಹೆಸರು ಹೇಳಲು ನಾಚಿದರೆ ಹೇಗೆ? ಹದಿನೆಂಟು ವರ್ಷದಿಂದ ಸಾವ್ಕಾರರ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಆ ದನಿ ಕಿವಿಗೆ ಬಿದ್ದರೆ ನಿದ್ದೆಯಲ್ಲೂ ಅವರ ಕಾಲುಗಳು ನೆಟ್ಟಗಾಗುತ್ತವೆ. ಆ ವಾರ ಪಾಪ, ನಾನು "ಉಪ್ಪು ಕೊಡ್ರಿ" ಅಂದರೂ ಎದ್ದು ನಿಂತೇ ಕೊಟ್ಟರು.

ಹೊರಗಿನಿಂದ ಬಂದವರಿಗೆ ಇದು ಸೋಜಿಗ. ನಮಗಲ್ಲ. ನಮ್ಮೂರಲ್ಲಿ ಊರಾಧ್ಯಕ್ಷರ ಚುನಾವಣೆಗೆ ಇಬ್ಬರು ನಿಂತರೆ, ಎಣಿಕೆ ಮುಗಿಯುವವರೆಗೆ ಅವರ ದನಿ ಇವರಿಗೆ, ಇವರ ದನಿ ಅವರಿಗೆ. ಮೂವರು ನಿಂತ ವರ್ಷ ದನಿಗಳು ಸುತ್ತು ಹೊಡೆದು, ಗಂಡನ ಬಾಯಲ್ಲಿ ಬೀಗರ ದನಿ ಕೇಳಿ ಒಬ್ಬಾಕೆ ತವರಿಗೇ ಹೋಗಿಬಿಟ್ಟಿದ್ದಳು. ಅಂದಿನಿಂದ ಊರಿನವರು ಇಬ್ಬರಿಗಿಂತ ಹೆಚ್ಚು ಜನರನ್ನು ನಿಲ್ಲಗೊಡುವುದಿಲ್ಲ.

ಇದಕ್ಕೆಲ್ಲ ಒಂದು ನಡತೆಯ ಪುಸ್ತಕವಿದೆ. ಅದನ್ನು ಕಾಯುವವರು ಹುಸೇನಸಾಬ ಮಾಸ್ತರರು. ಶಾಲೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಡ್ರಿಲ್ಲಿನ ಸೀಟಿ ಇನ್ನೂ ಕೊರಳಲ್ಲೇ ಇದೆ. ಸೀರೆ ಹಂಚಿದರೆ ಸೀಟಿ. ಕೇಳದೆ ಯಾರದೋ ಗೋಡೆಗೆ ಬಣ್ಣ ಬಳಿದರೆ ಸೀಟಿ. ಊರಿನ ಟ್ರ್ಯಾಕ್ಟರ್ ಹತ್ತಿ ಪ್ರಚಾರಕ್ಕೆ ಹೊರಟರೆ ಸೀಟಿ. ಭಾಷಣಕ್ಕೆ ಸಂತೆಯ ಬೇವಿನ ಕಟ್ಟೆ ಹತ್ತುವಾಗ ಚಪ್ಪಲಿಯ ಜೊತೆ ಜಾತಿಯನ್ನೂ ಕೆಳಗೇ ಬಿಡಬೇಕು ಅಂತ ಮೂರನೇ ಪುಟದಲ್ಲಿದೆ. ಆದರೆ ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಕಟ್ಟೆಯ ಮೇಲೆ ಆಡಿದ ಮಾತು ಬಾಯಿಗೆ ಅಂಟುವುದಿಲ್ಲ, ದನಿಗೆ ಅಂಟುತ್ತದೆ. ಗೆದ್ದವರು ತಮ್ಮ ದನಿ ಏನು ಹೇಳಿತ್ತೋ ಅದನ್ನು ಮಾಡಲೇಬೇಕು, ಹೇಳಿದ ಬಾಯಿ ಎದುರಾಳಿಯದಾದರೂ ಸರಿ. ಹೋದ ಸಲ ಎದುರಾಳಿ ಸಾವ್ಕಾರರ ದನಿಯಲ್ಲಿ "ಕುಂಬಾರ ಓಣಿಗೆ ಬೀದಿದೀಪ" ಅಂದುಬಿಟ್ಟ. ಗೆದ್ದವರು ಸಾವ್ಕಾರರು. ಗೊಣಗುತ್ತಲೇ ದೀಪ ಹಾಕಿಸಿದರು. ಹಾಗಂತ ಎದುರಾಳಿಯ ದನಿಯಲ್ಲಿ ಆಕಾಶಕ್ಕೆ ಏಣಿ ಹಾಕಿಸುತ್ತೇನೆ ಅನ್ನುವಂತಿಲ್ಲ. ಊರಿನ ಕೈಲಾಗದ ಮಾತಿಗೂ ಸೀಟಿ ಬೀಳುತ್ತದೆ.

ಮೂರು ಸಲ ಗೆದ್ದ ಸಾವ್ಕಾರರ ಎದುರು ತರಕಾರಿ ಮಾರುವ ಈ ಫಕೀರವ್ವ ಯಾಕೆ ನಿಂತಳು ಅಂತ ಕೇಳುತ್ತೀರಿ. ನೀರು ಕುಡಿಯುವುದಕ್ಕೆ ನಿಂತೆ. ನಗಬೇಡಿ. ಸಂತೆಯಲ್ಲಿ ದಿನಾ ಕೂತು ಮಾರುವ ಹೆಂಗಸರು ನಾವು ನಲವತ್ತೆರಡು ಜನ. ಬೆಳಗಿನ ಐದಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ಮನೆ. ಅಷ್ಟು ಹೊತ್ತೂ ನಾವು ನೀರು ಕುಡಿಯುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು? ಗಂಡಸರಿಗೆ ಊರೆಲ್ಲ ಗೋಡೆ. ನಮಗೆ ಹತ್ತಿ ಗೋದಾಮಿನ ಹಿಂದಿನ ಒಂದು ಸಂದಿ, ಅದೂ ಯಾರಾದರೂ ಮರೆಗೆ ನಿಂತರೆ. ಹೋದ ಬೇಸಿಗೆಯಲ್ಲಿ ನನ್ನ ಎದುರು ಸಾಲಿನಲ್ಲಿ ಸೊಪ್ಪು ಮಾರುವ ಹುಲಿಗೆವ್ವ ಹೊಟ್ಟೆ ಹಿಡಿದುಕೊಂಡು ಮೆಂತ್ಯದ ರಾಶಿಯ ಮೇಲೇ ಬಿದ್ದಳು. ಮೂತ್ರಪಿಂಡದಲ್ಲಿ ಕಲ್ಲು. ಡಾಕ್ಟರು, "ಹಗಲೆಲ್ಲ ಚಲೋತ್ನಾಗಿ ನೀರು ಕುಡೀಬೇಕ ನೋಡವ್ವಾ" ಅಂದರು. ಅದೇನು ತಮಾಷೆಯೆಂದು ತಿಳಿಯದೆ ಅವರು ನೋಡುತ್ತಿದ್ದರು, ನೋವಿನಲ್ಲೂ ಹುಲಿಗೆವ್ವ ಹಲ್ಲು ಬಿಟ್ಟು ನಗುತ್ತಿದ್ದಳು.

ಸಂತೆಗೊಂದು ಹೆಂಗಸರ ಪಾಯಖಾನೆ ಕಟ್ಟಿಸಿರಿ ಎಂದು ಸಾವ್ಕಾರರ ಹತ್ತಿರ ಏಳು ಸಲ ಹೋದೆ. ಏಳು ಸಲವೂ ಮೀಸೆ ತೀಡಿಕೊಂಡು, "ನೋಡೂಣು ತಗೋಬೇ" ಅಂದರು. ಕೆಟ್ಟ ಮನುಷ್ಯರಲ್ಲ. ಅಂಥ ಮಾತನ್ನು ನಾಲ್ಕು ಜನರೆದುರು ಆಡಲು ಅವರಿಗೆ ನಾಚಿಕೆ. ಎಂಟನೇ ಸಲ ಹೋಗಲಿಲ್ಲ, ನಾಮಪತ್ರ ಹಾಕಿದೆ.

ಇತ್ತ ನನಗೆ ಅವರ ದನಿ ಬಂದರೆ, ಅತ್ತ ಅವರಿಗೆ ನನ್ನದು ಹೋಗಿತ್ತು. ನನ್ನ ದನಿ ಗೊತ್ತಲ್ಲ? "ಬರ್ರೆವ್ವಾ ಬರ್ರಿ, ಮುಳಗಾಯಿ!" ಅಂತ ಬದನೆಕಾಯಿ ಮಾರಲು ಕೂಗಿದರೆ ಆಚೆ ಊರಿನ ಹೆಂಗಸರು ಚೀಲ ಹಿಡಿದು ಹೊರಡಬೇಕು, ಅಷ್ಟು ಚೂಪು. ಸಾವ್ಕಾರರು ದಿನಾ ಬೆಳಿಗ್ಗೆ ಭಜನೆ ಹಾಡುವವರು. ಆ ಭಾನುವಾರ ಮೊದಲ ಸಾಲು ಎತ್ತುತ್ತಲೇ ನಿಲ್ಲಿಸಿ, ತಂಬೂರಿ ಗೋಡೆಗೆ ಒರಗಿಸಿ, ಎರಡು ದಿನ ಬಾಯಿ ಬಿಡಲಿಲ್ಲವಂತೆ. ಮನೆ ಮನೆಗೆ ಹೋದಾಗಲೂ ಬರೇ ಕೈ ಮುಗಿದರು. ನಾನೂ ಮನೆ ಮನೆಗೆ ಹೋದೆ. ಹೋದಲ್ಲೆಲ್ಲ ಮುದುಕಿಯರು ನನ್ನ ಮುಖ ನೋಡಿ, ದನಿ ಕೇಳಿ, ಕೂರು ಅನ್ನಬೇಕೋ ಕೂರ್ರಿ ಅನ್ನಬೇಕೋ ತಿಳಿಯದೆ ಕಷ್ಟಪಟ್ಟರು.

ಆದರೆ ಮನೆಬಾಗಿಲಲ್ಲಿ ಆಡಿದ್ದು ದನಿಗೆ ಅಂಟುವುದಿಲ್ಲ. ಅಂಟುವುದು ಕಟ್ಟೆಯ ಮಾತು ಮಾತ್ರ, ಮತ್ತು ಕಟ್ಟೆ ಸಿಗುವುದು ಎರಡೇ ಸಲ: ಮಂಗಳವಾರ ದೊಡ್ಡ ಸಂತೆಯ ದಿನ ಒಮ್ಮೆ, ಶುಕ್ರವಾರ ಹೊತ್ತು ಮುಳುಗುವ ಮೊದಲು ಇನ್ನೊಮ್ಮೆ. ಶನಿವಾರ ಮತದಾನ.

ಮಂಗಳವಾರ ಕಟ್ಟೆ ಹತ್ತಿದೆ. ಸಂತೆ ತುಂಬಿತ್ತು. ಮೈಕು ಬೇಕಾಗಲೇ ಇಲ್ಲ, ಅಂಥ ದನಿ! "ಸಂತ್ಯಾಗ ಹೆಣಮಕ್ಕಳಿಗೆ ನಾಕು ಪಾಯಖಾನಿ," ಅಂದೆ. "ನೀರಿನ ನಳ. ಗಟ್ಟಿ ಬಾಗಲಾ. ಒಳಗಿಂದ ಚಿಲಕ!" ನಲವತ್ತೊಂದು ಹೆಂಗಸರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಿ ಇಳಿದಿದ್ದರೆ ಆಗುತ್ತಿತ್ತು. ನಾನು ಸೋತರೂ ಸಾವ್ಕಾರರ ದನಿ ಸಿಕ್ಕಿಬಿದ್ದಿರುತ್ತಿತ್ತು, ಕೆಲಸ ಆಗುತ್ತಿತ್ತು. ಆದರೆ ನನ್ನ ಸಿಟ್ಟು ನನ್ನ ಮಾತು ಕೇಳಿದ್ದು ಯಾವಾಗ? ಎದುರಿಗೆ ಸಾವ್ಕಾರರು ದೊಡ್ಡ ಕರಿ ಛತ್ರಿಯ ಕೆಳಗೆ ಕೂತು ಕಬ್ಬಿನ ಹಾಲು ಕುಡಿಯುತ್ತಿದ್ದರು. ಅದೂ ಎರಡನೇ ಲೋಟ. ನನಗೆ ಉರಿದುಹೋಯಿತು. ಎದೆ ಉಬ್ಬಿಸಿ, ಇಲ್ಲದ ಮೀಸೆ ತೀಡಿ, "ನಾ ಕೊಟ್ರಪ್ಪ ಅದೇನಿ!" ಅಂದೆ. "ಏಳು ಸಲ ನೋಡೂಣು ಅಂದೇನಿ! ನಂಗೇನ, ಹೊಟ್ಟಿ ತುಂಬ ಕುಡೀತೇನಿ, ಬೇಕಾದಲ್ಲಿ ನಿಂದರ್ತೇನಿ!"

ಸಂತೆಗೆ ಸಂತೆಯೇ ನಕ್ಕಿತು. ಸಾವ್ಕಾರರ ಕೈಯಲ್ಲಿ ಲೋಟ ಹಾಗೇ ನಿಂತಿತು. ಅಷ್ಟರಲ್ಲಿ ಕಿವಿ ಕಿತ್ತುಹೋಗುವ ಹಾಗೆ ಸೀಟಿ.

"ಫಕೀರವ್ವಾ, ಹನ್ನೊಂದನೇ ನಿಯಮ," ಎಂದರು ಮಾಸ್ತರರು, ಕನ್ನಡಕ ಮೂಗಿನ ತುದಿಗೆ ತಂದು. "ಎದುರಾಳಿ ದನಿ ಸಿಕ್ಕೈತೆಂತ ಎದುರಾಳಿ ಆಗಿ ಮಾತಾಡೂಹಂಗಿಲ್ಲ. ಅವರನ್ನ ಅವರ ದನಿಲೇ ಅಪಮಾನ ಮಾಡೂಹಂಗಿಲ್ಲ. ಈಗ ಆಡಿದ ಅಷ್ಟೂ ಮಾತು ರದ್ದು. ಯಾವುದೂ ದನಿಗೆ ಅಂಟೂದಿಲ್ಲ. ಶುಕ್ರವಾರ ಹೊತ್ತು ಮುಣಗೂತನಕ ನಿನಗ ಮೌನ, ಎಲ್ಲೂ ಬಾಯಿ ಬಿಡೂಹಂಗಿಲ್ಲ."

"ಪಾಯಖಾನಿ ಮಾತೂ ರದ್ದೇನ್ರಿ?" ಹುಲಿಗೆವ್ವ ಕೆಳಗಿನಿಂದ ಕೂಗಿದಳು.

"ಅದೂ ರದ್ದವ್ವಾ," ಎಂದರು ಮಾಸ್ತರರು. ಹೇಳುವಾಗ ಅವರ ಮುಖವೂ ಸಣ್ಣಗಾಗಿತ್ತು. ನಾನೂ ಅವರ ಶಾಲೆಯಲ್ಲೇ ಎರಡನೇ ಇಯತ್ತೆ ಕಲಿತವಳು.

ಶುಕ್ರವಾರ ಹೊತ್ತು ಮುಳುಗಿದ ಮೇಲೆ ಕಟ್ಟೆಯಲ್ಲಿ ಮಾತಿಲ್ಲ. ಅಂದರೆ ನನ್ನ ಎರಡನೇ ಸರದಿಯೂ ಹೋಯಿತು. ಸಾವ್ಕಾರರು ಗೆದ್ದರೆ ಇನ್ನೈದು ವರ್ಷ ನೋಡೂಣು, ನೋಡೂಣು. ಮನೆಗೆ ಬಂದು ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಅಳುವೂ ಸಾವ್ಕಾರರ ದನಿಯಲ್ಲೇ ಬಂತು. ದ್ಯಾಮಣ್ಣನವರು ಸಮಾಧಾನ ಹೇಳಲು ಬಂದವರು, ಧಣಿ ಅಳುವುದನ್ನು ಕೇಳಲಾರದೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ನಮ್ಮತ್ತೆ ಮಾತ್ರ ರೊಟ್ಟಿ ಬಡಿಯುತ್ತಲೇ, "ಸಿಟ್ಟಿನ್ಯಾಗ ಕೊಯ್ದ ಮೂಗು ಸಮಾಧಾನದಾಗ ಬರ್ತೈತೇನ? ಉಣ್ಣು ಬಾ, ಹಸದು ಅತ್ತರ ಇನ್ನಷ್ಟು ಅಳು ಬರ್ತೈತಿ," ಅಂದಳು.

ಬುಧವಾರ ಬಾಯಿ ಮುಚ್ಚಿಕೊಂಡು ವ್ಯಾಪಾರಕ್ಕೆ ಕೂತೆ. ನಮ್ಮೂರ ಹೆಂಗಸರಿಗೆ ಹಬ್ಬ. ನಾನು ಐದು ಬೆರಳು ತೋರಿಸಿದರೆ ಅವರು ಮೂರು ಮಡಚುವರು. "ಏನ್ ಬೇ ಫಕೀರವ್ವಾ, ಹುಳುಕು ಮುಳಗಾಯಿಗೆ ಇಷ್ಟ್ಯಾಕ?" ಎಂದು ಬೇಕೆಂದೇ ಕೆಣಕುವರು. ಇಪ್ಪತ್ತು ವರ್ಷದಿಂದ ನನ್ನ ಬಾಯಿಗೆ ಹೆದರಿದವರೆಲ್ಲ ಅವತ್ತು ಸೇಡು ತೀರಿಸಿಕೊಂಡರು. ಅಂಥ ಹೊತ್ತಿನಲ್ಲಿ, ಹನ್ನೆರಡು ಹೊಡೆಯುವ ಸುಮಾರಿಗೆ, ಛತ್ರಿ ಹಿಡಿದು ಸಾವ್ಕಾರರು ಓಟು ಕೇಳಲು ಸಂತೆಗೆ ಬಂದರು. ನಾಚಿಕೆ ಸ್ವಲ್ಪ ಬಿಟ್ಟಿದ್ದರು. "ಎಲ್ಲಾರೂ ಆರಾಮ ಅದೀರೇನವ್ವಾ?" ಎಂದು ಕೇಳಿದರು, ನನ್ನ ದನಿಯಲ್ಲಿ.

ಹುಲಿಗೆವ್ವ ಅವರಿಗೆ ಬೆನ್ನು ಮಾಡಿ ಸೊಪ್ಪಿನ ಗೋಣಿ ಬಿಚ್ಚುತ್ತಿದ್ದಳು. ಡಾಕ್ಟರ ಮಾತು ಕೇಳಿ ಬೆಳಿಗ್ಗೆ ಎರಡು ಲೋಟ ನೀರು ಕುಡಿದು ಬಂದಿದ್ದಳು, ಈಗ ತಡೆದುಕೊಳ್ಳಲಾರದೆ ಒದ್ದಾಡುತ್ತಿದ್ದಳು. ಆ ಅವಸರದಲ್ಲಿ ಚುನಾವಣೆ ಎಲ್ಲಿ ನೆನಪಿರುತ್ತದೆ? ನನ್ನ ದನಿ ಕೇಳಿದ್ದೇ ತಡ, ತಿರುಗಿಯೂ ನೋಡದೆ, "ಯಕ್ಕಾ, ಸಾಯ್ತೇನಿ, ಜಲ್ದಿ ಬಾ, ಮರಿಗೆ ನಿಂದರು!" ಎಂದು ಗೋದಾಮಿನ ಹಿಂದಕ್ಕೆ ಓಡಿದಳು.

ನಾನು ಎದುರು ಸಾಲಿನಲ್ಲಿ ಕೂತು ನೋಡುತ್ತಿದ್ದೇನೆ, ಬಾಯಿ ಬಿಡುವಂತಿಲ್ಲ! ಎರಡೂ ಕೈ ಬೀಸಿದೆ. ಒಂದು ಮುಳಗಾಯಿ ಎಸೆದೆ. ಸಾವ್ಕಾರರು ಯಾರಿಗೋ ಏನೋ ಆಪತ್ತು ಎಂದುಕೊಂಡು ಅವಳ ಹಿಂದೆಯೇ ಬಿರಬಿರನೆ ನಡೆದು, ಸಂದಿಯ ಬಾಯಿಗೆ ಹೋದಾಗ ಅವರಿಗೆ ಗೊತ್ತಾಯಿತು. ಗೊತ್ತಾದೊಡನೆ ಮನುಷ್ಯ ಕಲ್ಲಾದರು. ಓಡಿಹೋದರೆ ಸಂದಿ ಬಯಲು. ನಿಂತರೆ ಮರ್ಯಾದೆ ಹೋಗುತ್ತದೆ. ಏನು ಮಾಡಿದರು ಗೊತ್ತೇ? ರಸ್ತೆಯ ಕಡೆ ಮುಖ ತಿರುಗಿಸಿ, ಛತ್ರಿಯನ್ನು ಬೆನ್ನ ಹಿಂದೆ ಅಗಲಕ್ಕೆ ಬಿಚ್ಚಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತರು.

"ಯಾರರೆ ಬರ್ತಾರೇನ ಯಕ್ಕಾ?" ಒಳಗಿನಿಂದ ಹುಲಿಗೆವ್ವ.

"ಇಲ್ಲವ್ವಾ," ಎಂದರು ಸಾವ್ಕಾರರು, ನನ್ನ ದನಿಯಲ್ಲಿ, ನಡುಗುತ್ತ.

ಛತ್ರಿಯ ಮರೆ ಕಂಡು ಇನ್ನೂ ಮೂವರು ಎದ್ದು ಹೋದರು. ಅವರಿಗೆ ನಿಂತವರು ಯಾರೆಂದು ಗೊತ್ತಿತ್ತು. ಆದರೂ ಹೋದರು. ತಡೆದುಕೊಂಡವರಿಗೆ ಗೊತ್ತು ಅದರ ಕಷ್ಟ. ಹುಲಿಗೆವ್ವ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದು ನೋಡುತ್ತಾಳೆ, ಊರಾಧ್ಯಕ್ಷರು! "ಅಯ್ಯಯ್ಯಪ್ಪಾ!" ಎಂದು ಕಿರುಚಿದಳು.

"ನಾ ಏನೂ ನೋಡಿಲ್ಲವ್ವಾ, ಆಣಿ ಮಾಡ್ತೇನಿ," ಎಂದರು ಸಾವ್ಕಾರರು, ಇನ್ನೂ ಕಣ್ಣು ಮುಚ್ಚಿಯೇ. ಆಮೇಲೆ ಮೆಲ್ಲಗೆ ಕೇಳಿದರು: "ದಿನಾ ಹಿಂಗನ?"

"ದಿನಾ ಎಲ್ಲಿ ಬರ್ತೇವ್ರಿ? ತಡಕೊಳ್ಳಾಕ ಆಗದಿದ್ದಾಗ ಅಷ್ಟ. ಅದಕ್ಕ ನೀರ ಕುಡಿಯಂಗಿಲ್ಲ ನಾವು."

"ಬಿಸಲಾಗೂ?"

"ಬಿಸಲಾಗೂ ಸಾವ್ಕಾರ್ರ."

ಅವರು ಛತ್ರಿ ಮಡಚಿದರು. ಯಾರ ಹತ್ತಿರವೂ ಓಟು ಕೇಳಲಿಲ್ಲ. ನನ್ನ ಅಂಗಡಿಯ ಮುಂದೆ ಹಾಯುವಾಗ ಒಂದು ಗಳಿಗೆ ನಿಂತು, ನಾನು ಎಸೆದ ಮುಳಗಾಯಿಯನ್ನು ಬುಟ್ಟಿಯಲ್ಲಿಟ್ಟು ಹೋದರು. ಗುರುವಾರ ಮನೆಯಿಂದ ಹೊರಗೇ ಬರಲಿಲ್ಲ.

ಶುಕ್ರವಾರ ಸಂಜೆ ಊರೆಲ್ಲ ಕಟ್ಟೆಯ ಸುತ್ತ ಸೇರಿತು. ಮೊದಲ ಸರದಿ ಸಾವ್ಕಾರರದು. ನಾನು ಬಾಯಿ ಮುಚ್ಚಿ ಮುಂದಿನ ಸಾಲಿನಲ್ಲಿ ಕೂತಿದ್ದೆ. ಗೋದಾಮಿನ ತಗಡಿನಿಂದ ಹೊತ್ತು ಇನ್ನೂ ಒಂದು ಗೇಣು ಮೇಲಿತ್ತು. ಸಾವ್ಕಾರರು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಗಂಟಲು ಸರಿಮಾಡಿಕೊಂಡು, "ಮಾಸ್ತರ್ರ, ಹದಿನಾಲ್ಕನೇ ನಿಯಮ ಓದ್ರಿ," ಅಂದರು.

ಮಾಸ್ತರರು ಪುಸ್ತಕ ತೆರೆದರು. ಆ ಪುಟವನ್ನು ಇಷ್ಟು ವರ್ಷ ಯಾರೂ ಓದಿಸಿರಲಿಲ್ಲವಾಗಿ ಹಿಂದಿನ ಪುಟಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ ಓದಿದರು: "ನೊಂದವನು ಕಟ್ಟೆಯ ಮೇಲೆ ನಿಂತು ಕ್ಷಮಿಸಿದರೆ ಶಿಕ್ಷೆ ಅಲ್ಲಿಗೇ ಮುಗಿಯಿತು."

"ಹಂಗಾರ ಮಾಫ್ ಮಾಡೇನಿ," ಎಂದರು ಸಾವ್ಕಾರರು. "ಫಕೀರವ್ವಾ, ಬಾ ಮ್ಯಾಲ. ಮಂಗಳಾರ ಹೇಳಿದ್ದನ್ನ ಇನ್ನೊಮ್ಮೆ ಹೇಳು. ನನ್ನ ಅಣಕ ಬ್ಯಾಡ, ಆ ಪಾಯಖಾನಿ ಮಾತಷ್ಟ ಹೇಳು."

ಅವರ ಕಡೆಯವರು ಎದ್ದು ನಿಂತು ಕೈ ಕೈ ಹಿಸುಕಿಕೊಂಡರು. "ಧಣಿ, ಹುಚ್ಚಗಿಚ್ಚ ಹಿಡಿದೈತೇನ್ರಿ? ಆಕಿ ಹೇಳಿದ್ರ ನಿಮ್ಮ ದನಿಗೆ ಅಂಟತೈತಿ!"

"ಅಂಟಲಿ ಅಂತನ ಕರೀತೇನಿ," ಎಂದರು ಸಾವ್ಕಾರರು. "ನಾ ಹೇಳಿದ್ರ ಫಕೀರವ್ವನ ದನಿಗೆ ಅಂಟತೈತಿ. ಆಕಿ ಗೆದ್ರ ಹೆಂಗೂ ಕಟ್ಟಸಾಕಿನ, ಆಕಿನ್ನ ಕಟ್ಟಿಹಾಕಿ ಏನ ಮಾಡೂದು? ನನ್ನ ಕಟ್ಟಿಹಾಕಬೇಕು. ಇಲ್ಲಾಂದ್ರ ಗೆದ್ದ ಮರುದಿನ ನಾ ಮತ್ತ ನೋಡೂಣು ಅಂತೇನಿ. ನನ್ನ ಬಾಯಿ ನನಗ ಗೊತ್ತೈತಿ."

ಸಂತೆಯ ಆ ಚೂಪು ದನಿಯಲ್ಲಿ ಅಂಥ ಮಾತು! ನನ್ನದೇ ದನಿ ಅಷ್ಟು ಚೆಂದ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಕಣ್ಣು ತುಂಬಿ ಬಂತು. ಹೊತ್ತು ತಗಡಿಗೆ ತಾಗಿತ್ತು. ಓಡಿ ಕಟ್ಟೆ ಹತ್ತಿದೆ. ಮೂರು ದಿನ ಮುಚ್ಚಿದ್ದ ಬಾಯಿ, ಬೆಳಗಿನಿಂದ ನೀರು ಕಾಣದ ಗಂಟಲು. ಆದರೂ ಸಾವ್ಕಾರರ ದನಿ ಸಾವ್ಕಾರರ ದನಿಯೇ, ಗುಡುಗಿತು: "ಸಂತ್ಯಾಗ ಹೆಣಮಕ್ಕಳಿಗೆ ನಾಕು ಪಾಯಖಾನಿ! ನೀರಿನ ನಳ! ಗಟ್ಟಿ ಬಾಗಲಾ! ಒಳಗಿಂದ ಚಿಲಕ! ಆರು ತಿಂಗಳೊಳಗ..."

"ನಾಕು ಅನ್ನು, ನಾಕು!" ಪಕ್ಕದಿಂದ ಸಾವ್ಕಾರರು ಪಿಸುಗುಟ್ಟಿದರು. "ಬ್ಯಾಸಗಿ ಬರೂದರಾಗ ಆಗಬೇಕು."

"ನಾಕು ತಿಂಗಳೊಳಗ!" ಅಂದೆ. ಹೊತ್ತು ಮುಳುಗಿತು. ಮಾಸ್ತರರು ಸೀಟಿ ಊದಿದರು, ಉದ್ದಕ್ಕೆ, ಆಟ ಮುಗಿದಾಗ ಊದುವ ಹಾಗೆ.

ಮರುದಿನ ಸಾವ್ಕಾರರು ಒಂಬತ್ತು ಮತದಿಂದ ಗೆದ್ದರು. ನನಗೆ ಬೇಸರವಾಗಲಿಲ್ಲವೇ? ಆಯಿತು, ಸುಳ್ಳು ಯಾಕೆ ಹೇಳಲಿ. ಆ ಕುರ್ಚಿಯಲ್ಲಿ ಒಂದು ಸಲವಾದರೂ ಕೂರುವ ಆಸೆ ನನಗೂ ಇತ್ತು. ಎಣಿಕೆ ಮುಗಿದದ್ದು ಗೊತ್ತಾದ ಕೂಡಲೇ, "ಅಯ್ಯ ಶಿವನ!" ಅಂದೆ. ಅದು ನನ್ನದೇ ದನಿಯಲ್ಲಿ ಬಂತು. ದ್ಯಾಮಣ್ಣನವರು ಏಳು ದಿನದಲ್ಲಿ ಮೊದಲ ಸಲ ನನ್ನ ಮುಂದೆ ಆರಾಮಾಗಿ ಕೂತರು. ಏಳು ದಿನದಿಂದ ಓಣಿಯ ತುದಿಯಲ್ಲೇ ಉಳಿದಿದ್ದ ಆಡು ಕಿವಿ ನಿಮಿರಿಸಿ ಮನೆಗೆ ಬಂತು. ಹುಲಿಗೆವ್ವ ತಾನೂ ಸಾವ್ಕಾರರಿಗೇ ಓಟು ಹಾಕಿದ್ದಾಗಿ ಸಂಜೆ ಬಂದು ಒಪ್ಪಿಕೊಂಡಳು. "ಸಿಟ್ಟಾಗಬ್ಯಾಡ ಯಕ್ಕಾ. ಏಳು ಸಲ ನೋಡೂಣು ಅಂದವರು ಎಂಟನೇ ಸಲ ಮಾಡಲಿ ಅಂತ ಹಾಕಿದೆ," ಅಂದಳು. ಇಷ್ಟು ದಿನ ಕೂಡಿಟ್ಟ ಬೈಗುಳವನ್ನೆಲ್ಲ ನನ್ನ ದನಿಯಲ್ಲಿ ಅವಳಿಗೆ ಹೊಟ್ಟೆ ತುಂಬ ಬೈದೆ, ಇಬ್ಬರೂ ನಕ್ಕು ನಕ್ಕು ಸಾಕಾದೆವು.

ಸೋಮವಾರ ಸಾವ್ಕಾರರ ಮನೆಗೆ ಹೋಗಿ, "ಕೆಲಸ ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದೆ. ಅವರು ಮೀಸೆಗೆ ಕೈ ಹಾಕಿ, "ನೋಡೂ..." ಅಂದವರು ನಾಲಿಗೆ ಕಚ್ಚಿಕೊಂಡು, "ನಾಳೆ," ಎಂದರು.

ನಾಲ್ಕು ತಿಂಗಳಿಗೆ ಇನ್ನೂ ಆರು ದಿನ ಇರುವಾಗ ಕೆಲಸ ಮುಗಿಯಿತು. ಗೋದಾಮಿನ ಪಕ್ಕದಲ್ಲಿ ನಾಲ್ಕು ಬಾಗಿಲು, ನೀಲಿ ಬಣ್ಣ, ಒಳಗಿಂದ ಚಿಲಕ. ಟೇಪು ಕತ್ತರಿಸುವುದು, ಹಾರ ಹಾಕುವುದು ಏನೂ ಬೇಡ ಎಂದೆವು. ಮಧ್ಯಾಹ್ನ ಹನ್ನೆರಡು ಹೊಡೆದಾಗ, ಉರಿಬಿಸಿಲಿನಲ್ಲಿ, ನಾವು ನಲವತ್ತೆರಡು ಜನ ನಮ್ಮ ನಮ್ಮ ಅಂಗಡಿಯಲ್ಲೇ ಎದ್ದು ನಿಂತು ತಂಬಿಗೆ ಎತ್ತಿ ಗಟಗಟನೆ ನೀರು ಕುಡಿದೆವು. ಗಂಟಲಿನಿಂದ ಹೊಟ್ಟೆಯವರೆಗೆ ತಣ್ಣಗೆ ಇಳಿದದ್ದು ಈಗಲೂ ನೆನಪಿದೆ. ಹುಲಿಗೆವ್ವ ಎರಡನೇ ತಂಬಿಗೆಯನ್ನೂ ಕುಡಿದು ತೇಗಿದಳು. ಕೊಳ್ಳಲು ಬಂದವರು ಇವರಿಗೇನಾಯಿತು ಎಂದು ನೋಡುತ್ತ ನಿಂತರು.

ಅರ್ಧ ತಾಸಿಗೆ ನೀಲಿ ಬಾಗಿಲುಗಳ ಮುಂದೆ ಸಾಲು ಹತ್ತಿತು. ಮೊದಲು ಹುಲಿಗೆವ್ವ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಸದ್ದಿಗೆ ನಾವೆಲ್ಲ ಹೋ ಎಂದು ಕೂಗಿದೆವು. ಆಗ ನೋಡುತ್ತೇನೆ, ದೂರದಲ್ಲಿ ನಿಂತಿದ್ದ ಸಾವ್ಕಾರರು ಆ ಚಿಲಕದ ಸದ್ದು ಕೇಳಿದ್ದೇ ಗಡಬಡಿಸಿ ರಸ್ತೆಯ ಕಡೆ ಮುಖ ತಿರುಗಿಸಿ, ಬೆನ್ನ ಹಿಂದೆ ಛತ್ರಿ ಅಗಲಕ್ಕೆ ಬಿಚ್ಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತುಬಿಟ್ಟಿದ್ದಾರೆ.

ನಾನು ನನ್ನ ಸ್ವಂತ ದನಿಯಲ್ಲಿ, ಆಚೆ ಊರಿಗೂ ಕೇಳುವ ಹಾಗೆ ಕೂಗಿದೆ: "ಸಾವ್ಕಾರ್ರ, ಈ ಕಡೆ ತಿರಗ್ರಿ! ಈಗ ಬಾಗಲಾ ಐತಿ!"